ಮೇ ತಿಂಗಳನ್ನು ನಂಬಿ ಮಾಡಿದ ಬಜೆಟ್: ಸಣ್ಣ ಊರಿನ ಟೆನಿಸ್ ತರಬೇತಿಯ ಒಂದು ಪ್ರಕರಣ

ಅರೆಮಲೆನಾಡಿನ ಒಂದು ತಾಲ್ಲೂಕು ಕೇಂದ್ರ. ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ಹಳೇ ಆಫೀಸರ್ಸ್ ಕ್ಲಬ್ಬು. ಎರಡು ಮಣ್ಣಿನ ಕೋರ್ಟು, ಒಂದು ಇಸ್ಪೀಟಿನ ಕೋಣೆ, ಮೂಲೆಯಲ್ಲಿ ಒಂದು ಚಹಾ ಕೌಂಟರು. ಸದಸ್ಯರು 60 ಮಂದಿ. ಅವರಲ್ಲಿ ರಾಕೆಟ್ ಹಿಡಿಯುವವರು ಹದಿನೈದು ಜನ ಇದ್ದರೆ ಹೆಚ್ಚು. ಹೆಸರಿಗೆ ಟೆನಿಸ್ ಕ್ಲಬ್ಬು, ಕ್ಲಬ್ಬನ್ನು ಸಾಕುವುದು ಮಾತ್ರ ಇಸ್ಪೀಟಿನ ಮೇಜು. ನಮ್ಮ ಸಣ್ಣ ಊರುಗಳ ಎಷ್ಟೋ ಕ್ಲಬ್ಬುಗಳ ಕಥೆ ಇದೇ ಅಲ್ವಾ?

ಮೊದಲೇ ಹೇಳಿಬಿಡುತ್ತೇನೆ. ಇದು ಯಾವುದೇ ಒಂದು ಕ್ಲಬ್ಬಿನ ದಾಖಲೆ ಅಲ್ಲ. ಇಂಥ ಊರುಗಳಲ್ಲಿ ಸಾಮಾನ್ಯವಾಗಿ ಆಗುವುದನ್ನು ಸೇರಿಸಿ ಕಟ್ಟಿದ ಮಾದರಿ ಪ್ರಕರಣ. ಕ್ಲಬ್ಬಿನ ಜಮಾ-ಖರ್ಚಿನ ಮೊತ್ತಗಳು ಲೆಕ್ಕಕ್ಕೆಂದು ಹಿಡಿದವು, ನಿಮ್ಮ ಊರಿನ ದರ ಬೇರೆ ಇರಬಹುದು. ಕಾನೂನು, ಸರ್ಕಾರಿ ನಿಧಿ, ಆಟದ ಅಳತೆಗಳು ಮಾತ್ರ ಇದ್ದದ್ದು ಇದ್ದ ಹಾಗೆ.

2024ರ ಜನವರಿಯಲ್ಲಿ ಕೊಡಗಿನ ರೋಹನ್ ಬೋಪಣ್ಣ 43ನೇ ವಯಸ್ಸಿನಲ್ಲಿ ಆಸ್ಟ್ರೇಲಿಯನ್ ಓಪನ್ ಡಬಲ್ಸ್ ಗೆದ್ದರು, ಡಬಲ್ಸ್‌ನಲ್ಲಿ ವಿಶ್ವದ ನಂಬರ್ ಒನ್ ಆದರು. ಆ ಬೇಸಿಗೆಯಲ್ಲಿ ನಮ್ಮ ಕ್ಲಬ್ಬಿನ ಸಮ್ಮರ್ ಕ್ಯಾಂಪಿಗೆ 60 ಮಕ್ಕಳು ಬಂದರು. ಕೋರ್ಟಿನ ಹೊರಗೆ ಸ್ಕೂಟರುಗಳ ಸಾಲು. ಸಮಿತಿಯವರಿಗೆ ಹುರುಪು ಬಂತು. ಇನ್ನು ವರ್ಷಪೂರ್ತಿ ತರಬೇತಿ ನಡೆಸೋಣ, ಊರಿಗೊಬ್ಬ ಪೂರ್ಣಾವಧಿ ಕೋಚ್ ಇರಲಿ ಎಂದು ತೀರ್ಮಾನವಾಯಿತು.

ಖಜಾಂಚಿ ಒಂದು ಹಾಳೆಯಲ್ಲಿ ಬಜೆಟ್ ಬರೆದರು. ತಿಂಗಳ ಖರ್ಚು ಹೀಗಿತ್ತು:

ಕೋಚ್ ಸಂಬಳ 25,000
ಮಾರ್ಕರ್ (ಜೊತೆಗೆ ಆಡಿ ಅಭ್ಯಾಸ ಮಾಡಿಸಲು ಕ್ಲಬ್ಬು ಇಟ್ಟುಕೊಂಡ ಆಟಗಾರ) 12,000
ಕೋರ್ಟ್ ನೋಡಿಕೊಳ್ಳುವ ಮಾಲಿಯ ಅರ್ಧ ಸಂಬಳ 6,000
ಚೆಂಡು 6,000
ಕರೆಂಟು, ನೀರು 4,000
ನೆಟ್ಟು, ಗೆರೆಯ ಟೇಪು, ಫಸ್ಟ್ ಏಡ್ 2,000

ಒಟ್ಟು 55,000 ರೂಪಾಯಿ. ವರ್ಷಕ್ಕೆ 6,60,000. ಕೋರ್ಟಿಗೆ ಹೊಸ ಮಣ್ಣು ಹಾಕಿಸಲು ಎತ್ತಿಡುವುದು 60,000. ಎಲ್ಲ ಸೇರಿ 7,20,000.

ಆದಾಯದ ಕಡೆ ಒಂದೇ ಸಾಲು. 60 ಮಕ್ಕಳು, ತಿಂಗಳಿಗೆ 1,200 ರೂಪಾಯಿ, 12 ತಿಂಗಳು: 8,64,000. ಅಂದರೆ 1,44,000 ಉಳಿತಾಯ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಆ ಒಂದು ಸಾಲನ್ನು ಯಾರೂ ಎರಡನೇ ಸಲ ಓದಲಿಲ್ಲ.

ಈಗ ಹಾಜರಿ ಪುಸ್ತಕ ತೆಗೆಯೋಣ. ಜೂನ್‌ನಲ್ಲಿ ಶಾಲೆ ಶುರು, 30 ಮಕ್ಕಳು ಉಳಿದರು. ಜುಲೈನಲ್ಲಿ ಮಳೆ ಹಿಡಿಯಿತು, 18. ಆಗಸ್ಟ್‌ನಲ್ಲಿ 16. ಸೆಪ್ಟೆಂಬರ್‌ನಲ್ಲಿ 22. ಅಕ್ಟೋಬರ್‌ನಿಂದ ಸ್ವಲ್ಪ ಚೇತರಿಕೆ: 30, 34, 34, 34. ಫೆಬ್ರವರಿಗೆ 28. ಮಾರ್ಚ್‌ನಲ್ಲಿ 14, ಯಾಕೆಂದರೆ ಪರೀಕ್ಷೆ. "ಪರೀಕ್ಷೆ ಮುಗೀಲಿ ಸರ್, ಆಮೇಲೆ ಖಂಡಿತ ಕಳಿಸ್ತೀವಿ" ಎಂದು ಅಪ್ಪಂದಿರು ಕೋಚ್‌ಗೆ ಹೇಳುವ ತಿಂಗಳು ಅದು. ಏಪ್ರಿಲ್‌ನಲ್ಲಿ 50, ಮೇನಲ್ಲಿ ಮತ್ತೆ 60.

ಇದನ್ನು ತಲೆ ಎಣಿಸಿ ಲೆಕ್ಕ ಹಾಕಿದರೆ ತಪ್ಪುತ್ತದೆ. ಒಂದು ಮಗು ಒಂದು ತಿಂಗಳ ಫೀಸು ಕೊಟ್ಟರೆ ಅದನ್ನು ಒಂದು 'ಮಗು-ತಿಂಗಳು' ಎನ್ನೋಣ. ಬಜೆಟ್ಟಿನಲ್ಲಿ ಇದ್ದದ್ದು 720 ಮಗು-ತಿಂಗಳು. ಪುಸ್ತಕದಲ್ಲಿ ಸಿಕ್ಕಿದ್ದು 370. ಫೀಸು ಬಂದದ್ದು 4,44,000. ಕೊರತೆ 2,76,000. ಒಂದು ಮಗುವನ್ನು ಒಂದು ತಿಂಗಳು ಕಲಿಸಲು ಕ್ಲಬ್ಬಿಗೆ ಬಿದ್ದ ನಿಜವಾದ ಖರ್ಚು ಸುಮಾರು 1,950, ಪಡೆದದ್ದು 1,200. ಫೀಸಿನಿಂದಲೇ ಸರಿದೂಗಿಸಬೇಕಿದ್ದರೆ 600 ಮಗು-ತಿಂಗಳು ಬೇಕಿತ್ತು. ಎರಡು ಮಣ್ಣಿನ ಕೋರ್ಟಿರುವ, ನಾಲ್ಕು ತಿಂಗಳು ಮಳೆ ಬೀಳುವ ಊರಿನಲ್ಲಿ ಅದು ಆಗದ ಮಾತು.

ವರ್ಷದ ಒಟ್ಟು ಕೊರತೆಗಿಂತ ಅಪಾಯದ್ದು ಮಳೆಗಾಲದ ಕೊರತೆ. ಜುಲೈ, ಆಗಸ್ಟ್, ಸೆಪ್ಟೆಂಬರ್ ಮೂರೂ ಸೇರಿ ಬಂದ ಫೀಸು 67,200. ಅದೇ ಮೂರು ತಿಂಗಳ ಖರ್ಚು 1,65,000. ಜೋರಾಗಿ ನಡೆದ ಮೇ ತಿಂಗಳಲ್ಲೂ ಖರ್ಚು ಕಳೆದು ಉಳಿಯುವುದು ಬರೀ 17,000. ಆಗಸ್ಟ್ ಸಂಬಳ ಕೋಚ್‌ಗೆ ಎರಡು ಕಂತಿನಲ್ಲಿ ಸಿಕ್ಕಿತು. ಎರಡನೇ ಕಂತು ಬಂದದ್ದು ಗಣಪತಿ ಹಬ್ಬ ಕಳೆದ ಮೇಲೆ. ಅಷ್ಟರಲ್ಲಿ ಬೆಂಗಳೂರಿನ ಒಂದು ಅಕಾಡೆಮಿಯಿಂದ ಅವರಿಗೆ ಕರೆ ಬಂದಿತ್ತು. ಸಣ್ಣ ಊರಿನ ತರಬೇತಿ ನಿಲ್ಲುವುದು ಸಾಮಾನ್ಯವಾಗಿ ಹೀಗೇ. ಮಕ್ಕಳಿಲ್ಲದೆ ನಿಲ್ಲುವುದಲ್ಲ, ಕೈ ಖಾಲಿಯಾದ ತಿಂಗಳಲ್ಲಿ ಕೋಚ್ ಹೊರಟುಹೋಗಿ ನಿಲ್ಲುತ್ತದೆ.

ಆ ವರ್ಷ ಕೋರ್ಟಿನ 60,000 ಎತ್ತಿಡಲೇ ಇಲ್ಲ. ಉಳಿದ 2,16,000 ರೂಪಾಯಿಯನ್ನು ಇಸ್ಪೀಟಿನ ಕೋಣೆಯ ಉಳಿತಾಯ ಮತ್ತು ಇಬ್ಬರು ಡಾಕ್ಟರುಗಳ ದೇಣಿಗೆ ತುಂಬಿಸಿತು. ಕೋಚ್ ಉಳಿದುಕೊಂಡರು. ವರ್ಷ ಮುಗಿದಾಗ ಸಮಿತಿ ಮತ್ತೆ ಕೂತಿತು.

ಮೊದಲು ಬಂದ ಸಲಹೆ ಫೀಸು ಏರಿಸುವುದು. 2,000 ಮಾಡಿದರೆ ಎಷ್ಟು ಮಕ್ಕಳು ಬಿಡುತ್ತಾರೆ? ಹತ್ತರಲ್ಲಿ ಮೂರು ಪಾಲು ಬಿಟ್ಟರು ಎಂದುಕೊಳ್ಳಿ, 260 ಮಗು-ತಿಂಗಳಿಗೆ ಇಳಿಯುವ ಹಾಗೆ. ಬರುವುದು 5,20,000. ಆಗಲೂ ಎರಡು ಲಕ್ಷ ಕಡಿಮೆ. ಉಳಿಯುವವರು ಡಾಕ್ಟರು, ಕಂಟ್ರಾಕ್ಟರುಗಳ ಮಕ್ಕಳು ಮಾತ್ರ. ಊರಿನ ಮಕ್ಕಳಿಗೆ ಆಟ ಕಲಿಸುತ್ತೇವೆ ಎಂದು ಹೊರಟು ಅಲ್ಲಿಗೆ ಮುಟ್ಟುವುದು ಬೇಡ ಎಂದು ಹೆಚ್ಚಿನವರು ಹೇಳಿದರು. ಸರಿಯಾದ ಮಾತು.

ಎರಡನೆಯದು ಸರ್ಕಾರಿ ದುಡ್ಡು. "ಶಾಸಕರನ್ನ ಒಂದ್ಸಲ ನೋಡೋಣ" ಎನ್ನುವ ಸದಸ್ಯ ಪ್ರತಿ ಕ್ಲಬ್ಬಿನಲ್ಲೂ ಇರುತ್ತಾನೆ. ತಪ್ಪೇನಿಲ್ಲ. ಕರ್ನಾಟಕದಲ್ಲಿ ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರ ನಿಧಿ 5 ಕೋಟಿ. ಆದರೆ ಅವು ಬಾಳಿಕೆ ಬರುವ ಆಸ್ತಿಗೆ ಇರುವ ದುಡ್ಡು. ಕೋರ್ಟು, ಬೇಲಿ, ಲೈಟಿನ ಕಂಬಕ್ಕೆ ಕೇಳಬಹುದು. ಕೋಚ್ ಸಂಬಳಕ್ಕೆ, ಚೆಂಡಿಗೆ ಅದರಲ್ಲಿ ಜಾಗ ಇಲ್ಲ. ಕೇಂದ್ರ ಸರ್ಕಾರದ ಕ್ರೀಡಾ ಯೋಜನೆ ಖೇಲೋ ಇಂಡಿಯಾದ ತರಬೇತಿ ಕೇಂದ್ರ ಕೇಳೋಣ ಎಂದು ಇನ್ನೊಬ್ಬರು ಪಟ್ಟಿ ತಂದರು. ಆ ಯೋಜನೆಯಲ್ಲಿ ಕೋಚ್ ಗೌರವಧನಕ್ಕೂ ದುಡ್ಡು ಬರುತ್ತದೆ ನಿಜ. ಆದರೆ ಅದರ 14 ಆದ್ಯತೆಯ ಒಲಿಂಪಿಕ್ ಆಟಗಳಲ್ಲಿ ಇರುವುದು ಟೇಬಲ್ ಟೆನಿಸ್. ಅವರು 'ಟೆನಿಸ್' ಎಂಬಷ್ಟನ್ನೇ ಓದಿಕೊಂಡು ಬಂದಿದ್ದರು.

ಮೂರನೆಯದು ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಯ ದುಡ್ಡು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಜನರಿಗೆ ಇದರ ಬಗ್ಗೆ ಆಸೆ ಜಾಸ್ತಿ, ಮಾಹಿತಿ ಕಡಿಮೆ. 2013ರ ಕಂಪನಿ ಕಾಯ್ದೆಯ 135ನೇ ಕಲಂ ಪ್ರಕಾರ ಹಿಂದಿನ ಹಣಕಾಸು ವರ್ಷದಲ್ಲಿ ನಿವ್ವಳ ಆಸ್ತಿ 500 ಕೋಟಿ, ಅಥವಾ ವಹಿವಾಟು 1,000 ಕೋಟಿ, ಅಥವಾ ನಿವ್ವಳ ಲಾಭ 5 ಕೋಟಿ ಮುಟ್ಟಿದ ಕಂಪನಿ ತನ್ನ ಮೂರು ವರ್ಷಗಳ ಸರಾಸರಿ ಲಾಭದ ಶೇ. 2ನ್ನು ಸಾಮಾಜಿಕ ಕೆಲಸಕ್ಕೆ ಕೊಡಬೇಕು. ಒಪ್ಪಿತ ಕೆಲಸಗಳ ಪಟ್ಟಿಯಲ್ಲಿ ಗ್ರಾಮೀಣ ಕ್ರೀಡೆ, ರಾಷ್ಟ್ರಮಟ್ಟದಲ್ಲಿ ಮಾನ್ಯತೆ ಇರುವ ಕ್ರೀಡೆ, ಒಲಿಂಪಿಕ್ ಕ್ರೀಡೆಗಳ ತರಬೇತಿಯೂ ಇದೆ. ಟೆನಿಸ್ ಒಲಿಂಪಿಕ್ ಆಟ. ಇಲ್ಲಿಯವರೆಗೆ ಎಲ್ಲ ಚೆನ್ನ.

ಹತ್ತಿರದ ಒಂದು ಕಾರ್ಖಾನೆಯ ಮ್ಯಾನೇಜರ್ ಮರ್ಯಾದೆಯಿಂದ ಕೂರಿಸಿ, ಕಾಫಿ ಕೊಟ್ಟು, ಒಂದೇ ಪ್ರಶ್ನೆ ಕೇಳಿದರು: "ನಿಮ್ಮ ಹತ್ರ ಸಿಎಸ್‌ಆರ್-1 ನಂಬರ್ ಇದೆಯಾ?" ಇರಲಿಲ್ಲ. ಕಂಪನಿಯ ದುಡ್ಡಿನಲ್ಲಿ ಕೆಲಸ ನಡೆಸುವ ಸಂಸ್ಥೆಗಳಿಗೆ ಈ ನೋಂದಣಿ 2021ರ ಏಪ್ರಿಲ್‌ನಿಂದ ಕಡ್ಡಾಯ. ಅದಕ್ಕೆ ಮೊದಲು ಆದಾಯ ತೆರಿಗೆ ಇಲಾಖೆಯ 12ಎ (ಧರ್ಮಾರ್ಥ ಸಂಸ್ಥೆಗೆ ತೆರಿಗೆ ವಿನಾಯಿತಿ), 80ಜಿ (ದೇಣಿಗೆ ಕೊಟ್ಟವರಿಗೆ ತೆರಿಗೆ ವಿನಾಯಿತಿ) ನೋಂದಣಿ ಬೇಕು. ಅಂಥದೇ ಕೆಲಸದಲ್ಲಿ ಮೂರು ವರ್ಷದ ಅನುಭವವೂ ಬೇಕು. ಸದಸ್ಯರ ಮನರಂಜನೆಗೆ ಇರುವ, ಇಸ್ಪೀಟು ಆಡಿಸುವ ಕ್ಲಬ್ಬನ್ನು ಧರ್ಮಾರ್ಥ ಸಂಸ್ಥೆ ಎಂದು ಯಾರೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ.

ಹಾಗಾಗಿ ದಾರಿ ಎರಡು. ತರಬೇತಿಗೆಂದೇ ಬೇರೆ ಸಂಘ ನೋಂದಾಯಿಸಿ ಮೂರು ವರ್ಷ ಕಾಯುವುದು ಒಂದು. ಈಗಾಗಲೇ ಎಲ್ಲ ನೋಂದಣಿ ಇರುವ, ಮಕ್ಕಳ ಆಟೋಟದಲ್ಲಿ ಕೆಲಸ ಮಾಡಿದ ಊರಿನ ಯಾವುದಾದರೂ ಟ್ರಸ್ಟಿನ ಜೊತೆ ಒಪ್ಪಂದ ಮಾಡಿಕೊಳ್ಳುವುದು ಇನ್ನೊಂದು. ಸಮಿತಿ ಎರಡನ್ನೂ ಶುರು ಮಾಡಿತು. ಬೇರೆ ಸಂಘದಿಂದ ಮತ್ತೊಂದು ಲಾಭವೂ ಇದೆ. ಧರ್ಮಾರ್ಥ ನೋಂದಣಿ ಇರುವ ಸಂಸ್ಥೆ ನಡೆಸುವ ಕ್ರೀಡಾ ತರಬೇತಿಗೆ ಜಿಎಸ್‌ಟಿ ಇಲ್ಲ. ಖಾಸಗಿ ಕೋಚಿಂಗ್ ಆದರೆ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ಶೇ. 18 ಕಟ್ಟಬೇಕು. ನಮ್ಮ ಕ್ಲಬ್ಬು ಆ ಗೆರೆಯ ಹತ್ತಿರಕ್ಕೂ ಬಂದಿಲ್ಲ, ಬಿಡಿ.

80ಜಿ ಎಂದರೆ ದೇಣಿಗೆ ಸುರಿಯುತ್ತದೆ ಎಂಬ ನಂಬಿಕೆಯೂ ಇದೆ. ಹೊಸ ತೆರಿಗೆ ಪದ್ಧತಿ ಆರಿಸಿಕೊಂಡವರಿಗೆ ಆ ವಿನಾಯಿತಿ ಸಿಗುವುದಿಲ್ಲ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ಹಳೇ ಪದ್ಧತಿಯಲ್ಲೂ ಇಲ್ಲ. ಕೊಡುವವರು ಹೇಗೂ ಕೊಡುತ್ತಾರೆ, ರಸೀದಿ ನೋಡಿ ಕೊಡುವವರು ಕಡಿಮೆ.

ಇಷ್ಟೆಲ್ಲ ತಿರುಗಾಡಿ ಬಂದ ಮೇಲೆ ಒಬ್ಬ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಕೇಳಿದ ಪ್ರಶ್ನೆ ಲೆಕ್ಕವನ್ನೇ ತಿರುಗಿಸಿತು. "ಮಾರ್ಕರ್ ಬೆಳಗ್ಗೆ ಯಾರ ಜೊತೆ ಆಡ್ತಾನೆ?" ಬೆಳಗ್ಗೆ ಆರರಿಂದ ಎಂಟರವರೆಗೆ ಅವನು ಆಡುವುದು ಸದಸ್ಯರ ಜೊತೆ, ಅವರಿಗೆ ಜೊತೆ ಸಿಗದಾಗ ಡಬಲ್ಸ್‌ನ ನಾಲ್ಕನೆಯವನಾಗಿ. ಅವನ ಪೂರ್ತಿ ಸಂಬಳ ಮಾತ್ರ ಮಕ್ಕಳ ಲೆಕ್ಕದಲ್ಲಿ ಕೂತಿತ್ತು. ಅರ್ಧವನ್ನು ಕ್ಲಬ್ಬಿನ ಖಾತೆಗೆ ಹಾಕಿದರೆ ವರ್ಷಕ್ಕೆ 72,000 ಇಳಿಯಿತು. ಯಾರ ಜೇಬಿನಿಂದಲೂ ಹೊಸದಾಗಿ ಏನೂ ಹೋಗಲಿಲ್ಲ, ಬರೆಯುವ ಪುಟ ಬದಲಾಯಿತು ಅಷ್ಟೇ. ಆದರೆ ಮಕ್ಕಳ ತರಬೇತಿ ಕ್ಲಬ್ಬಿಗೆ ಭಾರ ಎನ್ನುವ ಮಾತು ಆ ಪುಟದ ಜೊತೆ ಸ್ವಲ್ಪ ಹಗುರಾಯಿತು.

ಚೆಂಡಿನದ್ದೂ ಹೀಗೇ. ಟೆನಿಸ್ ಚೆಂಡಿನ ಒಳಗೆ ಒತ್ತಿದ ಗಾಳಿ ಇರುತ್ತದೆ, ಡಬ್ಬಿ ತೆರೆದ ಕ್ಷಣದಿಂದಲೇ ಅದು ಸೋರಲು ಶುರು. ಆಟದ ನಿಯಮದ ಪ್ರಕಾರ ಮಾಮೂಲಿ ಚೆಂಡನ್ನು 254 ಸೆಂ.ಮೀ. ಎತ್ತರದಿಂದ ಬಿಟ್ಟರೆ 135ರಿಂದ 147 ಸೆಂ.ಮೀ. ಪುಟಿಯಬೇಕು. ಕ್ಲಬ್ಬಿನಲ್ಲಿ ಅಷ್ಟೆಲ್ಲ ಅಳೆಯುವವರಿಲ್ಲ. ಡಾಕ್ಟರು ಹೆಬ್ಬೆರಳಲ್ಲಿ ಒತ್ತಿ ನೋಡುತ್ತಾರೆ, ಮೆತ್ತಗಾಗಿದ್ದರೆ "ಇದು ಸತ್ತಿದೆ" ಎಂದು ಬೇಲಿಯ ಕಡೆ ಎಸೆಯುತ್ತಾರೆ. ಅಂಥ ಚೆಂಡು ಪಂದ್ಯಕ್ಕೆ ಬಾರದು, ಬುಟ್ಟಿಯಿಂದ ಎಸೆದು ಫೋರ್‌ಹ್ಯಾಂಡ್ ಕಲಿಸಲು ಧಾರಾಳವಾಗಿ ಆಗುತ್ತದೆ. ಇಷ್ಟು ದಿನ ಅವು ಪೊದೆಯಲ್ಲಿ ಕೊಳೆಯುತ್ತಿದ್ದವು, ಇಲ್ಲವೇ ಗಲ್ಲಿ ಕ್ರಿಕೆಟ್ಟಿಗೆ ಹೋಗುತ್ತಿದ್ದವು. ಈಗ ಗೇಟಿನ ಪಕ್ಕ ಒಂದು ಬುಟ್ಟಿ ಇಟ್ಟರು. ಜೊತೆಗೆ ಗಾಳಿ ಒತ್ತಡವಿಲ್ಲದ, ತುಂಬಾ ದಿನ ಬರುವ ಪ್ರೆಶರ್‌ಲೆಸ್ ಚೆಂಡುಗಳನ್ನು ಒಂದೇ ಸಲ ತರಿಸಿದರು. ಚೆಂಡಿನ ಖರ್ಚು 6,000ದಿಂದ 4,000ಕ್ಕೆ ಬಂತು. ವರ್ಷಕ್ಕೆ 24,000.

ಅಲ್ಲಿಗೆ ವರ್ಷದ ಖರ್ಚು 6,24,000.

ಇನ್ನು ಜಾಗ. ಪೂರ್ತಿ ಟೆನಿಸ್ ಕೋರ್ಟು 78 ಅಡಿ ಉದ್ದ, ಡಬಲ್ಸ್ ಗೆರೆ ಸೇರಿ 36 ಅಡಿ ಅಗಲ. ಚಿಕ್ಕ ಮಕ್ಕಳ ಕೆಂಪು ಚೆಂಡಿನ ಕೋರ್ಟು 36 ಅಡಿ ಉದ್ದ, 18 ಅಡಿ ಅಗಲ. ಅಡ್ಡಕ್ಕೆ ಹಾಕಿದರೆ ಒಂದು ಕೋರ್ಟಿನಲ್ಲಿ ನಾಲ್ಕು ಪುಟ್ಟ ಕೋರ್ಟು ಕೂರುತ್ತವೆ. ಕೆಂಪು ಚೆಂಡು ಹಳದಿ ಚೆಂಡಿಗಿಂತ ಸುಮಾರು ಶೇ. 75 ನಿಧಾನ, ಏಳೆಂಟು ವರ್ಷದ ಮಗುವೂ ನಾಲ್ಕು ಸಲ ಆಚೀಚೆ ಹೊಡೆಯುತ್ತದೆ. 10 ವರ್ಷದೊಳಗಿನವರ ಪಂದ್ಯಗಳಿಗೆ ಮಾಮೂಲಿ ಹಳದಿ ಚೆಂಡು ಬಳಸಬಾರದು ಎಂದು ಅಂತರರಾಷ್ಟ್ರೀಯ ಟೆನಿಸ್ ಫೆಡರೇಷನ್ 2012ರಿಂದಲೇ ನಿಯಮ ಜಾರಿಗೆ ತಂದಿದೆ. ನಮ್ಮಲ್ಲಿ ಮಾತ್ರ ಆರು ವರ್ಷದ ಮಗುವಿನ ಕೈಗೆ ಅಪ್ಪನ ರಾಕೆಟ್ ಕೊಟ್ಟು, ತಲೆಗಿಂತ ಎತ್ತರಕ್ಕೆ ಪುಟಿಯುವ ಚೆಂಡು ಎಸೆದು, ಸರದಿಯಲ್ಲಿ ಹತ್ತು ನಿಮಿಷ ನಿಲ್ಲಿಸುತ್ತೇವೆ. ಮಗು ಜುಲೈಗೆ ಬಿಟ್ಟಿತು ಎಂದು ಮಳೆಯನ್ನು ಬೈಯುತ್ತೇವೆ.

ಹಾಗಾಗಿ ಬ್ಯಾಚುಗಳನ್ನು ಒಡೆದರು. ಕೆಂಪು ಚೆಂಡಿನ ಮಕ್ಕಳಿಗೆ ವಾರಕ್ಕೆ ಮೂರು ದಿನ, 900 ರೂಪಾಯಿ. ಸಾಮಾನ್ಯ ಬ್ಯಾಚಿಗೆ ಮೊದಲಿನ 1,200. ಟೂರ್ನಮೆಂಟ್ ಆಡಬೇಕೆನ್ನುವ ಆರು ಮಕ್ಕಳಿಗೆ 2,200, ಅವರಿಗೆ ಕೋಚ್ ಸಮಯವೂ ಜಾಸ್ತಿ. ಫೀಸು ಮೂರು ತಿಂಗಳಿಗೊಮ್ಮೆ ಮುಂಗಡ. ಇದಕ್ಕೆ ಗೊಣಗಾಟ ಬಂತು. ಮಳೆ ದಿನಗಳಲ್ಲಿ ಗೋಡೆಗೆ ಹೊಡೆಯುವ ಅಭ್ಯಾಸ, ವ್ಯಾಯಾಮ ಇರುತ್ತದೆ, ತಪ್ಪಿದ ದಿನಕ್ಕೆ ಭಾನುವಾರ ಕೊಡುತ್ತೇವೆ ಎಂದ ಮೇಲೆ ತಣ್ಣಗಾಯಿತು. ಬೇಸಿಗೆಯಲ್ಲಿ ಮಾತ್ರ ಬರುವವರಿಗೆ ಬೇರೆಯೇ ದರ, ತಿಂಗಳ ಕ್ಯಾಂಪಿಗೆ 2,000. ಅಜ್ಜಿ ಮನೆಗೆ ಬಂದ ಬೆಂಗಳೂರಿನ ಮಕ್ಕಳೇ ಅದರಲ್ಲಿ ಜಾಸ್ತಿ, ಅವರ ಅಪ್ಪ ಅಮ್ಮಂದಿರಿಗೆ ಅದು ಅಗ್ಗ.

ಹೊಸ ಲೆಕ್ಕದಲ್ಲಿ ಒಂದು ಶಿಸ್ತು ಇಟ್ಟುಕೊಂಡರು. ಒಂದು ಮಗು ಕೂಡ ಹೊಸದಾಗಿ ಬರುತ್ತದೆ ಎಂದು ಹಿಡಿಯಬಾರದು. ಅದೇ 370 ಮಗು-ತಿಂಗಳು. ಅದರಲ್ಲಿ 50 ಕ್ಯಾಂಪಿನವು: 1,00,000. ಟೂರ್ನಮೆಂಟ್ ಬ್ಯಾಚಿನ 60: 1,32,000. ಕೆಂಪು ಚೆಂಡಿನ 110: 99,000. ಸಾಮಾನ್ಯ ಬ್ಯಾಚಿನ 150: 1,80,000. ಒಟ್ಟು ಫೀಸು 5,11,000.

ಉಳಿದದ್ದು ಶಾಲೆಗಳಿಂದ. ಬೆಳಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಕೋರ್ಟೂ ಖಾಲಿ, ಕೋಚೂ ಖಾಲಿ. ಊರಿನ ಎರಡು ಖಾಸಗಿ ಶಾಲೆಗಳ ಜೊತೆ ಮಾತಾಡಿ, ವಾರಕ್ಕೆರಡು ದಿನ ಕೋಚ್ ಅಲ್ಲಿಗೇ ಹೋಗಿ ಪಿ.ಟಿ. ಅವಧಿಯಲ್ಲಿ ಕಲಿಸುವುದು ಎಂದಾಯಿತು. ಮಡಚುವ ಪುಟ್ಟ ನೆಟ್ಟು, ಕೆಂಪು ಚೆಂಡು ಸಾಕು, ಶಾಲೆಯ ಪ್ರಾರ್ಥನಾ ಹಾಲಿನಲ್ಲೂ ಆಗುತ್ತದೆ. ಮಳೆಗಾಲದಲ್ಲಿ ನಿಲ್ಲದ ಆದಾಯ ಇದೊಂದೇ. ಒಂದು ಶಾಲೆಯಿಂದ ತಿಂಗಳಿಗೆ 8,000, ಒಂಬತ್ತು ತಿಂಗಳು. ಎರಡರಿಂದ 1,44,000. ಓಡಾಟದ ಖರ್ಚು 15,000.

ಒಟ್ಟು ಆದಾಯ 6,55,000. ಖರ್ಚು 6,39,000. ಕೋರ್ಟಿನ 60,000 ಅದರೊಳಗೇ ಇದೆ. ಮಿಗುವುದು 16,000. ಹೋದ ಸಲ ಮಿಗುತ್ತದೆ ಎಂದು ಬರೆದದ್ದಕ್ಕೆ ಹೋಲಿಸಿದರೆ ಚಿಲ್ಲರೆ ದುಡ್ಡು. ನಂಬಬಹುದಾದ ದುಡ್ಡು.

ದೇಣಿಗೆಯನ್ನು ಈ ಲೆಕ್ಕದೊಳಗೆ ಬಿಡಲಿಲ್ಲ. ಇದು ನನಗೆ ಬಹಳ ಹಿಡಿಸಿದ ತೀರ್ಮಾನ. ಡಾಕ್ಟರುಗಳು ಕೊಡುವುದನ್ನು ಕೊರತೆ ತುಂಬಲು ಬಳಸಿದರೆ ಅವರಿಗೂ ಬೇಸರ, ಮುಂದಿನ ವರ್ಷ ಕೇಳುವವರಿಗೂ ಸಂಕೋಚ. ಅದರ ಬದಲು 15,000 ರೂಪಾಯಿಗೆ ಸರ್ಕಾರಿ ಶಾಲೆಯ ಒಂದು ಮಗುವಿನ ಒಂದು ವರ್ಷ ಎಂದು ಇಟ್ಟರು. ಅದರಲ್ಲಿ ಫೀಸು, ಶೂ, ರಾಕೆಟ್ಟಿನ ಪಾಲು ಎಲ್ಲ ಸೇರಿದೆ. ಬ್ಯಾಚು ತುಂಬಿರದಿದ್ದರೆ ಇನ್ನೊಂದು ಮಗು ಸೇರಿದ್ದಕ್ಕೆ ಕ್ಲಬ್ಬಿಗೆ ಹೆಚ್ಚಿನ ಖರ್ಚು ನಾಲ್ಕು ಚೆಂಡಿನದ್ದು ಮಾತ್ರ. ಆದರೂ ಪೂರ್ತಿ ಖರ್ಚು ಲೆಕ್ಕ ಹಾಕಿ ಕೇಳಿದ್ದು ಸರಿ, ನಾಳೆ ಬ್ಯಾಚು ತುಂಬಿದಾಗ ಈ ಮಕ್ಕಳನ್ನೇ ಮೊದಲು ಹೊರಗೆ ಕಳಿಸುವ ಪರಿಸ್ಥಿತಿ ಬರುವುದಿಲ್ಲ. ಟೂರ್ನಮೆಂಟಿಗೆ ಹೋಗುವ ಮಕ್ಕಳ ಬಸ್ಸು, ಊಟ, ಎಂಟ್ರಿ ಫೀಸು ಅವರವರ ಮನೆಯವರದ್ದೇ ಎಂದೂ ಬರೆದಿಟ್ಟರು. ರ‍್ಯಾಂಕಿಂಗ್ ಪಾಯಿಂಟಿಗಾಗಿ ಊರೂರು ಅಲೆಯುವ ಖರ್ಚನ್ನು ಇಂಥ ಬಜೆಟ್ಟಿನೊಳಗೆ ತಂದರೆ ಆರು ಮಕ್ಕಳಿಗಾಗಿ ಉಳಿದವರೆಲ್ಲ ದುಡ್ಡು ಕಟ್ಟಿದಂತೆ.

ಶಾಸಕರ ನಿಧಿಯಿಂದ ಒಂದು ಸಿಂಥೆಟಿಕ್ ಕೋರ್ಟು ಮಾಡಿಸಿಕೊಳ್ಳುವುದೋ ಬೇಡವೋ ಎಂಬುದು ಇನ್ನೂ ಬಗೆಹರಿದಿಲ್ಲ. ನನಗೆ ಕೇಳಿದರೆ ಮಾಡಿಸಿಕೊಳ್ಳಬೇಕು. ಮಣ್ಣಿನ ಕೋರ್ಟು ಒಂದು ಜೋರು ಮಳೆ ಬಿದ್ದರೆ ಎರಡು ದಿನ ಒಣಗಬೇಕು, ಆಮೇಲೆ ರೋಲರ್ ಎಳೆಯಬೇಕು. ಸಿಂಥೆಟಿಕ್ ಆದರೆ ನೀರು ತಳ್ಳಿ ಸ್ವಲ್ಪ ಹೊತ್ತಿನಲ್ಲೇ ಆಡಬಹುದು. ಜುಲೈ-ಆಗಸ್ಟ್‌ನ ಮಗು-ತಿಂಗಳು ಹೆಚ್ಚಿಸಲು ಇದಕ್ಕಿಂತ ನೇರವಾದ ದಾರಿ ಇಲ್ಲ. ವಿರೋಧಿಸುವವರ ಮಾತೂ ಪೊಳ್ಳಲ್ಲ: ಕೆಲವು ವರ್ಷಗಳಲ್ಲಿ ಮೇಲ್ಪದರ ಸವೆಯುತ್ತದೆ, ಆಗ ಯಾವ ಶಾಸಕರೂ ಬರುವುದಿಲ್ಲ. ಬ್ರಿಟನ್ನಿನಲ್ಲಿ ಪಾರ್ಕುಗಳ ಸಾವಿರಾರು ಟೆನಿಸ್ ಕೋರ್ಟುಗಳು ಹೀಗೇ ಹಾಳುಬಿದ್ದು, ಕೊನೆಗೆ ಸರ್ಕಾರ ಮತ್ತು ಅಲ್ಲಿನ ಟೆನಿಸ್ ಸಂಸ್ಥೆಯ ಪ್ರತಿಷ್ಠಾನ ಸೇರಿ ಸುಮಾರು 3 ಕೋಟಿ ಪೌಂಡ್ ಸುರಿದು ರಿಪೇರಿ ಮಾಡಿಸಬೇಕಾಯಿತು. ಹಾಗಾಗಿ ವರ್ಷಕ್ಕೆ 60,000 ಎತ್ತಿಡುವುದನ್ನು ಎರಡು ವರ್ಷ ತಪ್ಪದೆ ಮಾಡಿ ತೋರಿಸಿ, ಆಮೇಲೆ ಅರ್ಜಿ ಕೊಡೋಣ ಎಂದು ಖಜಾಂಚಿ ಹಟ ಹಿಡಿದಿದ್ದಾರೆ.

ಅಷ್ಟರಲ್ಲಿ ದಸರಾ ರಜೆ ಮುಗಿದ ಮೇಲೆ ಒಂದು ಶಾಲೆ ಕೈ ಬಿಟ್ಟಿತು. ಹೊಸ ಪ್ರಿನ್ಸಿಪಾಲರು ಬಂದರು, ಪಿ.ಟಿ. ಅವಧಿ ಗಣಿತಕ್ಕೆ ಹೋಯಿತು. ಉಳಿದ ಐದು ತಿಂಗಳ 40,000 ಇಲ್ಲವಾಗಿ 16,000 ಉಳಿತಾಯ ಹೋಗಿ 24,000 ಕೊರತೆಯಾಯಿತು. ಈ ಸಲ ಅದು ಗೊತ್ತಾದದ್ದು ವರ್ಷದ ಕೊನೆಯಲ್ಲಲ್ಲ, ಅದೇ ತಿಂಗಳು, ತರಬೇತಿಗೆಂದು ತೆರೆದ ಬೇರೆ ಬ್ಯಾಂಕ್ ಖಾತೆಯ ಪಾಸ್‌ಬುಕ್ಕಿನಲ್ಲಿ. ಡಿಸೆಂಬರ್‌ನಲ್ಲಿ ಅಕ್ಕಪಕ್ಕದ ಊರಿನ ಕ್ಲಬ್ಬುಗಳನ್ನು ಕರೆದು ಡಬಲ್ಸ್ ಟೂರ್ನಮೆಂಟ್ ನಡೆಸಲು ತೀರ್ಮಾನಿಸಿದರು. ಜೋಡಿಗೆ 1,000 ರೂಪಾಯಿಯಂತೆ 32 ಜೋಡಿ ಬಂದರೆ 32,000. ಚೆಂಡು, ಊಟ, ಟ್ರೋಫಿಗೆ 18,000 ಹೋದರೂ 14,000 ಉಳಿಯುತ್ತದೆ. ಮಿಕ್ಕ 10,000 ಕ್ಲಬ್ಬಿನಿಂದ ಸಾಲವಾಗಿ, ಮೇ ಕ್ಯಾಂಪಿನಲ್ಲಿ ವಾಪಸ್. ಮುಂದಿನ ಜೂನ್‌ನಿಂದ ಶಾಲೆಗಳ ಒಪ್ಪಂದ ವರ್ಷದ್ದು, ದುಡ್ಡು ಆರು ತಿಂಗಳಿಗೊಮ್ಮೆ ಮುಂಗಡ ಎಂದು ನಡಾವಳಿ ಪುಸ್ತಕದಲ್ಲಿ ಬರೆದು ಸಹಿ ಹಾಕಿದರು.